ಬುಡು ಮಗಾ

ಕೃಷ್ಣಮೂರ್ತಿಪುರಂ, ಮೈಸೂರು
12 ನವೆಂಬರ್ 2008, ಬುಧವಾರ

ಕಿರಣನ ಅಪ್ಪನಿಗೆ,

ಹೀಗೆ ಕರೆದು ಶುರುಮಾಡುವುದಕ್ಕೇ ಬಹಳ ಹೊತ್ತು ಹಿಡಿಯಿತು. ಲಕೋಟೆಯ ಮೇಲೆ ರುದ್ರಸ್ವಾಮಿ ಎಂದು ಬರೆದಿದ್ದೇನೆ, ಒಳಗೆ ಆ ಹೆಸರು ಬರಲಿಲ್ಲ. ಮದುವೆಯಾದಾಗಿನಿಂದ ನಿಮ್ಮನ್ನು ಕರೆಯಲು ನನಗೆ 'ರೀ' ಒಂದೇ ಸಾಕಾಗಿತ್ತು. ಅದನ್ನು ಕಾಗದದಲ್ಲಿ ಬರೆದರೆ ಅಡುಗೆಮನೆಯಿಂದ ಕೂಗಿದ ಹಾಗಿರುತ್ತದೆ. ಭಾನುವಾರ ಲೈನು ಕಡಿದ ಮೇಲೆ ಫೋನು ಮಾಡುತ್ತಲೇ ಇದ್ದೇನೆ, ನೀವು ಎತ್ತುತ್ತಿಲ್ಲ. ಯಾಕೆಂದು ಊಹಿಸಬಲ್ಲೆ, ಆದ್ದರಿಂದ ಕೋಪವಿಲ್ಲ.

ಮೊದಲು ಕೆಲಸದ ಮಾತು. ಬರುವ ಸೋಮವಾರದೊಳಗೆ ನೀವು ಮನೆಗೆ ಬರಬೇಕು. ನೀವು ಹೋಗಿಬಿಟ್ಟಿದ್ದೀರಿ ಎಂದು ಕಿರಣ ನಂಬಿದ್ದಾನೆ. ಹೋಗಿಬಿಟ್ಟಿದ್ದೀರಿ ಎಂದರೆ ಕಡಕೊಳದ ನಿಮ್ಮ ರೂಮಿಗೆ ಅಲ್ಲ. ತೀರಿಕೊಂಡವರಿಗೆ ಮಾಡುವ ಗಣಾರಾಧನೆಯನ್ನು ಸೋಮವಾರ ನಿಮಗೆ ಮಾಡಬೇಕೆಂದು ಮಠದ ಅಯ್ಯನವರಿಗೆ ತಾನೇ ಹೇಳಿ ಬಂದಿದ್ದಾನೆ. ನಗಬೇಡಿ. ನನಗೂ ಒಂದು ಕ್ಷಣ ನಗು ಬಂದಿತ್ತು, ಆಮೇಲೆ ಬರಲಿಲ್ಲ.

ಇದು ಆದದ್ದು ಆ ಮಿಷನ್ನಿನಿಂದ. ಅದರಿಂದ ಆದದ್ದೋ, ನಮ್ಮ ಮನೆಯ ಒಂದು ಮಾತಿನಿಂದ ಆದದ್ದೋ, ಬರೆಯುತ್ತಾ ಹೋದರೆ ನನಗೂ ತಿಳಿದೀತು.

ತಲೆಗೆ ಆಯಸ್ಕಾಂತ ಹಿಡಿಯುವ ಹೊಸ ಚಿಕಿತ್ಸೆಯ ವಿಷಯ ನಿಮಗೆ ಫೋನಿನಲ್ಲಿ ಹೇಳಿದ್ದೆ. 'ಕರೆಂಟಾ?' ಎಂದು ಕೇಳಿದಿರಿ. ಅಲ್ಲ ಎಂದೆ. 'ಹಂಗಾರೆ ಮಾಡ್ಸು' ಎಂದು ಇಟ್ಟುಬಿಟ್ಟಿರಿ. ಅದಕ್ಕಿಂತ ಹೆಚ್ಚು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಮಿದುಳಿನಲ್ಲಿ ಮಾತನ್ನು ಕೇಳಿಸಿಕೊಳ್ಳುವ ಜಾಗ ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಇದೆಯಂತೆ. ಸುತ್ತ ಯಾರೂ ಮಾತಾಡದಿದ್ದಾಗಲೂ ಕಿರಣನಲ್ಲಿ ಆ ಜಾಗ ದುಡಿಯುತ್ತಲೇ ಇರುತ್ತದೆ. ಅದರ ಮೇಲೆ ಆಯಸ್ಕಾಂತದ ಬಡಿತವನ್ನು ನಿಧಾನವಾಗಿ ಕೊಡುತ್ತಾ ಹೋದರೆ ಅದು ತಣಿಯುತ್ತದೆ. ಮೂರ್ಛೆಯಿಲ್ಲ, ಸೂಜಿಯಿಲ್ಲ. ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರಬೇಕು. ಮಾತ್ರೆಗೆ ಬಗ್ಗದ ದನಿಗಳು ಕೆಲವರಲ್ಲಿ ಇದಕ್ಕೆ ಬಗ್ಗಿವೆ. ಎಲ್ಲರಲ್ಲೂ ಅಲ್ಲ. ಡಾಕ್ಟರಮ್ಮ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಆಕೆ ಬೇರೆ ರಾಜ್ಯದವರು, ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತವರು. ಬಹಳ ಶುದ್ಧವಾಗಿ ಮಾತಾಡುತ್ತಾರೆ. ನನಗೆ ಅದು ಹಿಡಿಸಿತ್ತು.

ಮೊದಲ ದಿನ ದರ್ಜಿಯ ಹಾಗೆ ಟೇಪು ಹಿಡಿದು ಅವನ ತಲೆಯನ್ನು ಅಳೆದರು. ಈಜುವವರು ಹಾಕುವಂಥ ಬಿಳಿ ಟೋಪಿ ತೊಡಿಸಿ ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಲೋಹ ಯಾವುದೂ ಮೈಮೇಲೆ ಇರಬಾರದು ಎಂದಾಗ ಕಿರಣ ಕೊರಳಿನ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಲಿಂಗವನ್ನು ತೆಗೆದು ಬಿಳಿ ವಸ್ತ್ರದಲ್ಲಿ ಕಟ್ಟಿ ಮತ್ತೆ ಕೊರಳಿಗೆ ಹಾಕಿದೆ. ಬರಿದಾದ ಕರಡಿಗೆ ನನ್ನ ಕೈಚೀಲದಲ್ಲಿ ಉಳಿಯಿತು. ಆಮೇಲೆ ಎರಡು ಬಳೆ ಜೋಡಿಸಿದಂಥ ಒಂದು ಸಾಮಾನನ್ನು ತಲೆಗೆ ತಾಗಿಸಿ ಮಿಷನ್ನಿನ ಬಲ ಎಷ್ಟಿರಬೇಕೆಂದು ನೋಡಿದರು. ಅವನ ಹೆಬ್ಬೆರಳು ತಾನಾಗಿಯೇ ಎಗರಿತು. ಕಿರಣ ಬೆರಳನ್ನೇ ನೋಡುತ್ತಾ, 'ಇದು ನಾನಲ್ಲ' ಎಂದ. ಡಾಕ್ಟರಮ್ಮ ನಕ್ಕರು. ನನಗೆ ನಗಲಾಗಲಿಲ್ಲ, ಏಕೆಂದರೆ ಐದು ವರ್ಷದಿಂದ ಅವನು ಹೇಳುತ್ತಿರುವುದೂ ಅದನ್ನೇ.

ಮಿಷನ್ನು ಮಾಡುವ ಸದ್ದು ಹಲ್ಲಿ ಲೊಚಗುಟ್ಟಿದಂತೆ. ಒಂದೇ ಸಮನೆ, ಒಂದಾದ ಮೇಲೆ ಒಂದು. ಅವನ ಕಿವಿಗೆ ಬೆಂಡು ಇಟ್ಟಿದ್ದರು, ನನಗೆ ಇರಲಿಲ್ಲ. ಹಲ್ಲಿ ನುಡಿದರೆ ನಿಮ್ಮ ಅವ್ವ ನೆಲಕ್ಕೆ ಬೆರಳು ತಟ್ಟಿ ಶಿವ ಶಿವ ಎನ್ನುತ್ತಿದ್ದರಲ್ಲ, ನನ್ನ ಬೆರಳು ಕುರ್ಚಿಯ ಕೈಗೆ ತಟ್ಟುತ್ತಿದ್ದುದನ್ನು ನಾನು ತಡವಾಗಿ ಗಮನಿಸಿದೆ.

ಮೂರು ದನಿಗಳ ವಿಷಯ ನಿಮಗೆ ಗೊತ್ತಿದೆ. ಅವನು ಮಾಡಿದ್ದನ್ನೆಲ್ಲ ವರದಿ ಮಾಡುವ ಗಂಡಸು, 'ನೋಡು, ಈಗ ಚಪ್ಪಲಿ ಹಾಕ್ತಾನೆ, ಈಗ ಬಾಗಿಲು ತೆಗೀತಾನೆ' ಎನ್ನುವವನು. ಗುರುತಿಲ್ಲದ ಒಬ್ಬ ಹೆಂಗಸು, ಬರೀ ನಗುವವಳು. ಮತ್ತು ನೀವು.

ಮೊದಲ ಡಾಕ್ಟರ ಎದುರು ಕೂತ ದಿನವನ್ನು ನೀವು ಮರೆತಿರಲಾರಿರಿ. ನಾವು ಮೂವರೂ ಇದ್ದೆವು. ದನಿ ಏನು ಹೇಳುತ್ತದೆ ಎಂದು ಅವರು ಕೇಳಿದರು. ಕಿರಣ ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವ ಹುಡುಗರ ಹಾಗೆ, 'ತಂದೆಯವರ ಧ್ವನಿ. ಬಿಟ್ಟುಬಿಡು ಮಗನೆ ಎಂದು ಹೇಳುತ್ತದೆ' ಎಂದ. ಏನನ್ನು ಎಂದರು. 'ಎಲ್ಲವನ್ನೂ' ಎಂದ. ಡಾಕ್ಟರ ಪೆನ್ನು ನಿಂತಿತು. ಆಮೇಲೆ ಇಂಗ್ಲಿಷಿನಲ್ಲಿ ಬೇಗಬೇಗ ಏನೋ ಬರೆದರು. ನಮ್ಮನ್ನು ಹೊರಗೆ ಕರೆದು, ತಂದೆಯ ದನಿ ಎಲ್ಲವನ್ನೂ ಬಿಟ್ಟುಬಿಡು ಎಂದು ಆಜ್ಞೆ ಮಾಡುತ್ತಿದೆ, ಜೀವವನ್ನೂ ಎಂದು ತಿಳಿಯಬೇಕು, ಹುಡುಗನನ್ನು ಒಂಟಿಯಾಗಿ ಬಿಡಬೇಡಿ ಎಂದರು. ನೀವು ನಿಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡಿರಿ. ಮನೆಗೆ ಬಂದು ಬಾವಿಗೆ ಜಾಲರಿ ಹಾಕಿಸಿದಿರಿ, ಈಳಿಗೆಮಣೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ. ಅವನ ಎದುರು ಮಾತಾಡುವುದನ್ನು ನಿಲ್ಲಿಸಿದಿರಿ. ಆದರೂ ಅವನು, 'ಬಾಯಿ ಮುಚ್ಕೊಂಡೇ ಮಾತಾಡ್ತೀರಲ್ಲಪ್ಪ' ಎಂದ. ಮುಂದಿನ ವರ್ಷ ಕಡಕೊಳದಲ್ಲಿ ನಿಮ್ಮ ಕಾರ್ಖಾನೆಯ ಹತ್ತಿರವೇ ರೂಮು ಹಿಡಿದಿರಿ. 'ಫಸ್ಟ್ ಶಿಫ್ಟಿಗೆ ಬಸ್ ಸಿಗಾಕಿಲ್ಲ' ಎಂದಿರಿ. ನಂಜನಗೂಡು ರಸ್ತೆಯಲ್ಲಿ ಬಸ್ಸಿಗೆ ಯಾವತ್ತೂ ಬರವಿಲ್ಲ ಎಂದು ನಾನು ಹೇಳಲಿಲ್ಲ. ನೀವು ಮನೆಯಲ್ಲಿ ಇಲ್ಲದಿದ್ದರೆ ದನಿ ನಿಲ್ಲಬಹುದೆಂದು ನಾನೂ ಅಂದುಕೊಂಡಿದ್ದೆ. ನೀವು ಹೋದಿರಿ, ಅದು ಹೋಗಲಿಲ್ಲ.

ಕಳೆದ ಗುರುವಾರ ಹೋಯಿತು.

ಅವತ್ತು ಕುರ್ಚಿಯಿಂದ ಇಳಿದವನು ಬಹಳ ಹೊತ್ತು ತಲೆ ವಾಲಿಸಿಕೊಂಡು, ಕಿವಿಗೆ ನೀರು ಹೋದವರ ಹಾಗೆ ನಿಂತಿದ್ದ. ಅವನನ್ನು ಕೇಳಿ ನೋಡಿ, ತಂದೆಯ ದನಿ ಇಲ್ಲ, ಉಳಿದೆರಡು ದೂರವಾಗಿವೆ ಎಂದು ಡಾಕ್ಟರಮ್ಮ ಬರೆದುಕೊಂಡರು. ಅಪಾಯದ್ದೇ ಮೊದಲು ಹೋಗಿರುವುದು ಬಹಳ ಒಳ್ಳೆಯ ಲಕ್ಷಣ ಎಂದರು. ನಾನು ಅವರಿಗೆ ಕೈ ಮುಗಿದೆ. ಆಟೋದಲ್ಲಿ ಬರುತ್ತಾ ನಿಮಗೆ ಫೋನು ಮಾಡಬೇಕು, ಇನ್ನು ಮನೆಗೆ ಬರಬಹುದು ಎನ್ನಬೇಕು ಎಂದು ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಎಷ್ಟು ವಿನಯದಿಂದ ಹೇಳಬೇಕೆಂದು ಯೋಚಿಸುತ್ತಿದ್ದೆ.

ಮನೆಗೆ ಬಂದವನು ಜಗಲಿಯ ಮೇಲೆ ಕೂತ. ಚಪ್ಪಲಿ ಬಿಡಲಿಲ್ಲ.

'ಅಪ್ಪ ಯಾವಾಗ ಹೋದ್ರಮ್ಮ?' ಎಂದ.

'ಮೂರು ವರ್ಷ ಆಯ್ತಲ್ಲೋ' ಎಂದೆ.

'ಇಲ್ಲ. ಬೆಳಗ್ಗೆವರೆಗೂ ಇದ್ರು.'

ನನಗೆ ಅರ್ಥವಾಗಲಿಲ್ಲ. ಅವನು ತಾಳ್ಮೆಯಿಂದ, ನಾನೇ ಹುಷಾರಿಲ್ಲದವಳು ಎನ್ನುವಂತೆ ಬಿಡಿಸಿ ಹೇಳಿದ. ಆ ಹೆಂಗಸು ನಗುತ್ತಾಳಲ್ಲ, ಅವಳು ನಕ್ಕಾಗೆಲ್ಲ ಅಪ್ಪ 'ಬುಡು ಮಗಾ' ಅನ್ನುತ್ತಿದ್ದರು. ಆ ಗಂಡಸು ವರದಿ ಹೇಳಲು ಶುರುಮಾಡಿದರೆ 'ಬುಡು ಮಗಾ, ಬುಟ್ಬುಡು' ಅನ್ನುತ್ತಿದ್ದರು. 'ಈಗ ಅವಳು ನಗ್ತಾಳೆ. ಆಮೇಲೆ ಏನೂ ಇಲ್ಲ' ಎಂದ.

ಅವನು ಅದನ್ನು ನಿಮ್ಮ ಹಾಗೆಯೇ ಹೇಳಿದ. ನಿಮ್ಮ ಊರಿನ ರಾಗ, ಕೊನೆಯಲ್ಲಿ ಸ್ವಲ್ಪ ಎಳೆದು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಕೆತ್ತಿಸಿಕೊಂಡು ಬಂದಾಗ, ಗಣಿತದಲ್ಲಿ ಹೋದಾಗ, ನನ್ನ ಗಾಜಿನ ಜಾಡಿ ಒಡೆದಾಗ ನೀವು ಹೇಳುತ್ತಿದ್ದ ಹಾಗೆ. ಪ್ರತಿ ಸಲವೂ ನಾನು ಅಡುಗೆಮನೆಯಿಂದ, 'ಬುಡು ಅಲ್ಲ, ಬಿಡು. ಮಗು ಕಲಿಯೋದು ಅದನ್ನೇ' ಎಂದು ತಿದ್ದುತ್ತಿದ್ದೆ. 'ನಿನ್ “ಬಿಡು”ನಲ್ಲಿ ಬಿಡೋದೇ ಇಲ್ವಲ್ಲ ಕಣೇ' ಎಂದು ನೀವೊಮ್ಮೆ ರೇಗಿಸಿದಿರಿ. ಅದು ತಮಾಷೆ ಎಂದುಕೊಂಡು ನಕ್ಕಿದ್ದೆವು.

ನನ್ನ ಮಗ ಡಾಕ್ಟರ ಮುಂದೆ ಒಳ್ಳೆಯ ಕನ್ನಡ ಮಾತಾಡಿದ. ಕಿವಿಗೆ ಬಿದ್ದದ್ದು 'ಬುಡು', ಬಾಯಲ್ಲಿ ಬಂದದ್ದು 'ಬಿಟ್ಟುಬಿಡು', ಕಾಗದಕ್ಕೆ ಇಳಿದದ್ದು ಇಂಗ್ಲಿಷು. ಅಷ್ಟು ದೂರ ಬರುವ ಹೊತ್ತಿಗೆ ಸಮಾಧಾನದ ಮಾತು ಸಾಯಿ ಎನ್ನುವ ಮಾತಾಗಿತ್ತು. ನೀವು ಅದನ್ನು ಹೊತ್ತುಕೊಂಡು ಕಡಕೊಳಕ್ಕೆ ಹೋದಿರಿ. ಇಷ್ಟು ವರ್ಷ ಅವನನ್ನು ಉಳಿಸಿದ್ದು ಮಾತ್ರೆಯೋ, ಬಾವಿಯ ಜಾಲರಿಯೋ, ನಿಮ್ಮ ಆ ದನಿಯೋ, ಇನ್ನು ಯಾರೂ ಹೇಳಲಾರರು. ಇದು ನಿಮಗೆ ಗೊತ್ತಾಗಲೇಬೇಕು ಅನ್ನಿಸಿತು. ಗೊತ್ತಾಗಿ ನಿಮಗೆ ಹಗುರವಾಗುತ್ತದೋ ಇನ್ನಷ್ಟು ಭಾರವಾಗುತ್ತದೋ ಎಂಬುದನ್ನು ನಾನು ಯೋಚಿಸಲು ಹೋಗಿಲ್ಲ.

ಶನಿವಾರ ಒಬ್ಬಳೇ ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಬಿಡುವಿಗೂ ಬುಡುವಿಗೂ ಏನು ವ್ಯತ್ಯಾಸ ಎಂದು ಅವರು ನಿಜವಾದ ಕುತೂಹಲದಿಂದ ಕೇಳಿದರು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು, 'ಅರ್ಥ ಒಂದೇ, ಉಚ್ಚಾರಣೆ ಬೇರೆ' ಎಂದೆ. ಹೇಳಿದ ಮೇಲೆ ಅದು ಸುಳ್ಳೆಂದು ತಿಳಿಯಿತು, ಆದರೆ ನಿಜ ಏನೆಂದು ಅವರಿಗೆ ಹೇಳುವ ದಾರಿ ಕಾಣಲಿಲ್ಲ. ಆ ಗಂಡಸನ್ನು, ಆ ಹೆಂಗಸನ್ನು ತೆಗೆದು ಇದೊಂದನ್ನು ಉಳಿಸಲು ಬರುತ್ತಿರಲಿಲ್ಲವೇ ಎಂದೆ. ಆಯಸ್ಕಾಂತಕ್ಕೆ ದನಿಗಳ ಗುರುತು ಸಿಗುವುದಿಲ್ಲ, ಅದು ಆ ಜಾಗವನ್ನಷ್ಟೇ ತಣಿಸುತ್ತದೆ, ಯಾವುದು ಹೋಗುತ್ತದೋ ಅದು ಹೋಗುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, 'ಕ್ಷಮಿಸಿ ಮೇಡಂ, ಇದು ಶಾಶ್ವತವಲ್ಲ, ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಮರಳಿ ಬರಬಹುದು' ಎಂದರು. ಕಾಯಿಲೆ ಮರಳುತ್ತದೆ ಎಂದು ಕೇಳಿ ನಾನು ಮೊದಲ ಸಲ ಸಂತೋಷಪಟ್ಟೆ. 'ಯಾವಾಗ ಬರಬಹುದು?' ಎಂದು ಬಸ್ಸಿನ ಸಮಯ ವಿಚಾರಿಸುವವಳ ಹಾಗೆ ಕೇಳಿದೆ. ಅವರು ನನ್ನನ್ನೇ ನೋಡಿದರು. ಬಂದರೂ ಯಾವುದು ಮೊದಲು ಬರುತ್ತದೆಂದು ಹೇಳಲಾಗದು, ನಗುವವಳು ಒಬ್ಬಳೇ ಜೋರಾಗಿ ಬರಬಹುದು ಎಂದರು. ಇನ್ನೊಂದು ಸುತ್ತು ಚಿಕಿತ್ಸೆ ಮಾಡೋಣವೇ ಎಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಇಷ್ಟರಲ್ಲಿ ಕಿರಣ ಸುಮ್ಮನಿರಲಿಲ್ಲ. ಐದು ವರ್ಷ ಒಬ್ಬನೇ ಗೇಟು ದಾಟದವನು ಪಕ್ಕದ ಮನೆಯ ಸುಮಿತ್ರಮ್ಮನ ಬಳಿ ಹೋಗಿ ತಂದೆಯವರು ತೀರಿಕೊಂಡರು ಎಂದು ಹೇಳಿ ಬಂದಿದ್ದಾನೆ. ಆಕೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಸೆರಗಿನಲ್ಲಿ ಮೂಗು ಒರೆಸುತ್ತಾ ಬಂದರು.

'ಏನ್ರೀ ಟೀಚರ್, ಗೋಡೆ ಪಕ್ಕ ಇದ್ದು ನಮ್ಗೊಂದು ಮಾತು ಹೇಳ್ಬಾರ್ದಾ?' ಎಂದವರು ನನ್ನ ಹಣೆಯ ಕುಂಕುಮ ನೋಡಿ ಅಲ್ಲೇ ನಿಂತರು.

ನೀವು ಡ್ಯೂಟಿಯಲ್ಲಿದ್ದೀರಿ, ಚೆನ್ನಾಗಿಯೇ ಇದ್ದೀರಿ ಎಂದೆ.

'ಅಯ್ಯೋ ಶಿವನೇ, ನಾನಾಗ್ಲೇ ಆ ಸಾಲಿನ ಮನೆಯವ್ರಿಗೆಲ್ಲ ಹೇಳ್ಬುಟ್ಟೆನಲ್ಲ ಕಣ್ರೀ! ಈಗ ಹೋಗಿ ಬದುಕವ್ರೆ ಅಂತ ಹೆಂಗ್ರೀ ಹೇಳ್ಲಿ?' ಎಂದು ಜಗಲಿಯ ಮೇಲೆ ಕುಸಿದು ಕೂತರು. ತಂದ ಕಾಫಿಯನ್ನು ತಾವೇ ಕುಡಿದರು.

ಮರುದಿನ ಅಯ್ಯನವರ ಫೋನು. 'ತಾಯಿ, ಸಮಾಧಿ ಎಲ್ಲಿ ಮಾಡ್ಸಿದ್ರಿ? ರುದ್ರಸ್ವಾಮಿಯವ್ರಿಗೆ ಇಭೂತಿ ಹಚ್ಚೋಕೂ ನಮ್ಮುನ್ನ ಕರೀಲಿಲ್ವಲ್ಲ' ಎಂದರು. ವಿಷಯ ಹೇಳಿದೆ. ಅವರು ಮೊದಲು ಶಿವ ಶಿವ ಎಂದರು. ಆಮೇಲೆ, 'ಹುಡುಗ ಬಂದು ಕಾಲಿಗೆ ಬಿದ್ದು ಕೇಳ್ದ ತಾಯಿ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಹೆಂಗೂ ಕಾರ್ತಿಕ ಸೋಮವಾರ. ಬರ್ತೀನಿ, ಪಾದಪೂಜೆ ಮಾಡ್ಸ್ಕೊಂಡು ಹೋಯ್ತೀನಿ. ಯಾವ ಪೂಜೆ ಅಂತ ಅವ್ನೇನಂದ್ಕೊಂಡ್ರೂ ಶಿವನಿಗೆ ಗೊತ್ತಾಗುತ್ತೆ' ಎಂದರು.

ಭಾನುವಾರ ನಿಮಗೆ ಫೋನು ಹಚ್ಚಿ, ಕಾರಣ ಹೇಳದೆ, ಮಗನ ಜೊತೆ ಮಾತಾಡಿ ಎಂದೆ. ಮೊದಲೇ ಎಲ್ಲ ಬಿಡಿಸಿ ಹೇಳಿದ್ದರೆ ನೀವು ಹೆದರುತ್ತೀರಿ ಎಂದುಕೊಂಡೆ, ಆದರೆ ಹೇಳದೆಯೂ ಹೆದರಿದಿರಿ. ನಿಮ್ಮ ಮಾತು ನನಗೂ ಕೇಳುತ್ತಿತ್ತು. 'ಚೆನ್ನಾಗಿದ್ದೀಯೇನಪ್ಪ? ಔಷಧಿಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀಯಾ?' ಎಂದಿರಿ, ಒಂದೊಂದು ಅಕ್ಷರವನ್ನೂ ತೊಳೆದು ಇಟ್ಟ ಹಾಗೆ. ಅವನ ಎದುರು ತಪ್ಪು ಮಾತು ಬಂದುಬಿಡಬಾರದೆಂದು ಎಷ್ಟು ಎಚ್ಚರ ವಹಿಸಿದಿರೋ. ಕಿರಣ ಪೂರ್ತಿ ಕೇಳಿಸಿಕೊಂಡು ಫೋನನ್ನು ನನ್ನ ಕೈಗೆ ಕೊಟ್ಟ. 'ಯಾರೋ ಅಮ್ಮ. ಅಪ್ಪನ ಥರ ಮಾತಾಡಕ್ಕೆ ನೋಡ್ತಿದಾರೆ, ಪಾಪ' ಎಂದ. ಅದು ನಿಮಗೆ ಕೇಳಿಸಿರಬೇಕು. ಲೈನು ಕಡಿದುಹೋಯಿತು.

ಕಡಕೊಳಕ್ಕೆ ಹೋಗಿಬರೋಣ ಬಾ ಎಂದೆ. 'ಅಲ್ಲಿ ಯಾರಿದಾರೆ ಅಂತ ಹೋಗೋದು?' ಎಂದ. ನಿಮ್ಮ ಫೋಟೋಕ್ಕೆ ಹೂವು ಹಾಕಲು ಬಂದಾಗ ತಡೆದೆ. ಅವನು ಜಗಳವಾಡಲಿಲ್ಲ, ಹೂವನ್ನು ಫೋಟೋದ ಪಕ್ಕದಲ್ಲಿಟ್ಟ. ಅವನ ಊಟ ಅರ್ಧಕ್ಕೆ ಇಳಿದಿದೆ. ಹೆಂಗಸು ನಗುತ್ತಿದ್ದಾಳೆ ಎಂದು ಅವನ ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ. ಮುಂಚೆಯೂ ಮುಖ ಹಾಗೆಯೇ ಗಂಟಿಕ್ಕುತ್ತಿತ್ತು, ಒಂದು ಗಳಿಗೆ ಕಳೆದು ಸಡಿಲವಾಗುತ್ತಿತ್ತು. ಆ ಸಡಿಲವಾಗುವುದನ್ನು ನಾನು ಮಾತ್ರೆಯ ಗುಣ ಎಂದುಕೊಂಡಿದ್ದೆ. ಈಗ ಗಂಟು ಹಾಗೆಯೇ ಉಳಿಯುತ್ತದೆ. ಸೋಮವಾರ ಆ ಪೂಜೆಯೂ ಮುಗಿದುಹೋದರೆ ಅವನ ಮಟ್ಟಿಗೆ ನೀವು ಪೂರ್ತಿ ಮುಗಿದ ಹಾಗೆ. ಆಮೇಲೆ ಅವಳ ಜೊತೆ ಅವನು ಒಬ್ಬನೇ. ಇದೇ ನನ್ನ ಭಯ, ಬೇರೆ ಏನೂ ಇಲ್ಲ.

ಒಂದು ಸಲ ನಾನೇ ಹೇಳಿ ನೋಡಿದೆ. ಅವನ ಹತ್ತಿರ ಕೂತು, ಯಾರೂ ಇಲ್ಲದ್ದನ್ನು ನೋಡಿಕೊಂಡು, 'ಬುಡು ಮಗಾ' ಎಂದೆ. ಪಠ್ಯದಲ್ಲಿ ಬಂದ ಹಳ್ಳಿಯವರ ಮಾತನ್ನು ಟೀಚರು ಓದಿದ ಹಾಗಿತ್ತು. ಅವನು ಎಷ್ಟೋ ದಿನಗಳ ಮೇಲೆ ನಕ್ಕ. 'ನಿಂಗೆ ಬರಲ್ಲ ಬುಡಮ್ಮ' ಎಂದ.

ಆದ್ದರಿಂದ ಬನ್ನಿ. ಶುದ್ಧವಾಗಿ ಮಾತಾಡಬೇಡಿ. ಅವನ ಔಷಧಿ ವಿಚಾರಿಸಬೇಡಿ. ನಿಮ್ಮ ಊರಿನಿಂದ ಈಗತಾನೆ ಬಂದವರ ಹಾಗೆ ಬನ್ನಿ. ಒಳಗೆ ಕಾಲಿಟ್ಟ ಮೇಲೆ ಏನಾಗುತ್ತದೆಂದು ನನಗೆ ತಿಳಿಯದು. ಅವನು ಅಪ್ಪಿಕೊಳ್ಳಬಹುದು, ಇಲ್ಲವೇ ಇವರು ಯಾರು ಎನ್ನಬಹುದು. ಡಾಕ್ಟರಮ್ಮನನ್ನು ಕೇಳಿದೆ, ಅವರಿಗೂ ತಿಳಿಯದು. ನಾವಿಬ್ಬರೂ ಒಂದೇ ಮನೆಯಲ್ಲಿ ಮತ್ತೆ ಇರುವ ವಿಷಯ ಇದರಲ್ಲಿ ಸೇರಿಲ್ಲ. ಅದನ್ನು ನಾನು ಕೇಳುತ್ತಿಲ್ಲ. ಕೇಳುತ್ತಿಲ್ಲ ಎಂದು ಇಷ್ಟು ಒತ್ತಿ ಬರೆಯಬೇಕಾಗಿರಲಿಲ್ಲ, ಬರೆದಾಯಿತು.

ಇಂತು,
ಈ ಮನೆಯಲ್ಲಿ ಇನ್ನೂ ಕುಂಕುಮ ಇಟ್ಟುಕೊಂಡೇ ಇರುವ
ಪ್ರೇಮಲೀಲಾ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ನಿನ್ನೆ ಸಂಜೆ ಅವರೆಕಾಯಿ ಸುಲಿಯುತ್ತಿದ್ದೆ. ಅವನು ಎದುರು ಬಂದು ಕೂತು, 'ನಿಜ ಹೇಳಮ್ಮ, ಅಪ್ಪ ಹೋದ್ರು ತಾನೆ?' ಎಂದ. ಅಷ್ಟು ದಿನ ಇಲ್ಲ ಇಲ್ಲ ಎಂದು ಹೇಳಿ ಬಾಯಿ ಸೋತಿತ್ತು. ಹೂಂ ಎಂದೆ. ಅವನು ಅತ್ತ. ಕಾಯಿಲೆ ಬಂದಮೇಲೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನೂ ಅತ್ತೆ, ಅದು ನಟನೆಯಾಗಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ಕಾಯಿ ಸುಲಿದೆವು, ಅವನು ಹೊಟ್ಟೆ ತುಂಬ ಉಂಡ. ಹಾಗಾಗಿ ಈಗ ನೀವು ಬಂದರೆ, ಹೋದ ದನಿ ಮರಳಿತು ಎಂದೇ ಅವನು ತಿಳಿಯಬಹುದು. ಆ ದನಿಗಳು ಬಂದಾಗೆಲ್ಲ 'ನಿಂಗೂ ಕೇಳಿಸ್ತಾ ಅಮ್ಮ?' ಎಂದು ಕೇಳುತ್ತಾನೆ. ಇದುವರೆಗೂ ಒಂದು ಸಲವೂ ನಾನು ಕೇಳಿಸಿತು ಎಂದಿಲ್ಲ. ಬಂದಾಗ ಗೇಟಿನ ಹತ್ತಿರವೇ ನಿಂತು, ಸುಮಿತ್ರಮ್ಮನ ಮನೆಗೂ ಕೇಳುವ ಹಾಗೆ, ಗಟ್ಟಿಯಾಗಿ ನನ್ನ ಹೆಸರು ಹಿಡಿದು ಕೂಗಿ. ಅವನು ನನ್ನ ಮುಖ ನೋಡುತ್ತಾನೆ. ನನಗೂ ಕೇಳಿಸಿತು ಎಂದು ಹೇಳುತ್ತೇನೆ.